ಕೆಂಪು ಗುಂಡಿ ಒತ್ತದವರು

ಆ ದಿನ ಬೆಳಗ್ಗೆ ಮೆರಾಪಿ ಬೆಟ್ಟ ಬುಡದಿಂದ ತುದಿಯವರೆಗೂ ಕಾಣುತ್ತಿತ್ತು. ಮಳೆಯ ತಿಂಗಳುಗಳಲ್ಲಿ ಅದು ಹಾಗೆ ಮುಖ ತೋರಿಸುವುದು ಕಡಿಮೆ. ಗಾಳಿ ಇರಲಿಲ್ಲ, ಬೆಟ್ಟದ ಬಾಯಿಂದ ಎದ್ದ ಹೊಗೆ ನೆಟ್ಟಗೆ ಮೇಲೇರಿ, ಎಲ್ಲಿ ಮುಗಿಯಿತೆಂದು ತಿಳಿಯದಂತೆ ಕರಗಿಹೋಗುತ್ತಿತ್ತು. ಮುಂಜಾವದ ನಮಾಜು ಮುಗಿಸಿ ಅಂಗಳಕ್ಕೆ ಬಂದ ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಇವತ್ತು ಏನನ್ನೂ ಮುಚ್ಚಿಡಬಾರದೆಂದು ದೇವರು ನಿಶ್ಚಯಿಸಿದ್ದಾನೆ ಅನ್ನಿಸಿತು. ಹಾಗನ್ನಿಸಿದ್ದೇ ಭಯವಾಗಿ ಒಳಗೆ ಬಂದೆ.

ಕಾರಣವಿತ್ತು. ನನ್ನ ಮನೆಯ ಪಡಸಾಲೆಯಲ್ಲಿ ಖಾಲಿ ತಿಂಡಿ ಪೆಟ್ಟಿಗೆಗಳು ಗೋಡೆಯೆತ್ತರಕ್ಕೆ ನಿಂತಿದ್ದವು. ಪಟ್ಟಣದ ಸರ್ಕಾರಿ ಕಚೇರಿಯಲ್ಲಿ ಅಂದು ದೊಡ್ಡ ಸಭೆ. ಬಂದವರೆಲ್ಲರ ಮುಂದೆ ಒಂದೊಂದು ಪೆಟ್ಟಿಗೆ. ಒಳಗೆ ಲೆಂಪರ್, ಬಾಳೆಹಣ್ಣು ಇಟ್ಟು ಬೇಯಿಸಿದ ನಾಗಸಾರಿ, ಒಂದು ಹಿಡಿ ಹುರಿದ ಕಡಲೆಕಾಯಿ. ಇದನ್ನೆಲ್ಲ ಮಾಡಿ ಕಳಿಸುವುದು ನಮ್ಮೂರ ಹೆಂಗಸರ ಗುಂಪು. ಗುಂಪಿನ ಹೊಣೆ ಹೊತ್ತವಳು ನಾನು, ಮುರ್ತಿನಿ. ಇನ್ನೊಂದು ಸಲ ಪೆಟ್ಟಿಗೆಯಲ್ಲಿ ಏನಾದರೂ ತಪ್ಪಿದರೆ ಆರ್ಡರುಗಳೆಲ್ಲ ಪಟ್ಟಣದ ಬೇಕರಿಗೆ ಹೋಗುತ್ತವೆ ಎಂದು ಕಚೇರಿಯವರು ಹೇಳಿಬಿಟ್ಟಿದ್ದರು, ನಗುನಗುತ್ತಲೇ. ನಮ್ಮ ಕಡೆ ನಗುನಗುತ್ತ ಹೇಳಿದ್ದನ್ನು ಹೆಚ್ಚು ನಂಬಬೇಕು.

"ಇನ್ನೊಂದು ಸಲ" ಎಂದರೆ ಮೊದಲೊಂದು ಸಲ ಆಗಿತ್ತು ಎಂದಾಯಿತಲ್ಲ, ಅದನ್ನು ಹೇಳಿ ಮುಂದೆ ಹೋಗುತ್ತೇನೆ.

ನಮಗೆ ಆರ್ಡರು ಬರುವುದು ಪೋರ್ಟಲ್ ಮೂಲಕ. ಕಚೇರಿಯವರು ಅಲ್ಲಿ ಬೇಕಾದ್ದನ್ನು ಹಾಕಿದರೆ, ಯಾರು ಯಾವ ತಿಂಡಿ ಮಾಡುತ್ತಾರೋ ಅವರ ಮೊಬೈಲಿಗೆ ಅದು ಬಂದು ಕೂರುತ್ತದೆ. ಕೆಳಗೆ ಎರಡು ಗುಂಡಿ. ಹಸಿರಿನ ಮೇಲೆ "ಒಪ್ಪಿದೆ", ಕೆಂಪಿನ ಮೇಲೆ "ಒಪ್ಪುವುದಿಲ್ಲ". ಶುರುವಾದಂದಿನಿಂದ ನಮ್ಮೂರಲ್ಲಿ ಒಬ್ಬಳೂ ಕೆಂಪು ಗುಂಡಿ ಒತ್ತಿರಲಿಲ್ಲ. ಪೋರ್ಟಲ್ ಮಾಡಿದ ಯೋಗ್ಯಕರ್ತಾದ ಕಂಪನಿಯವರು ಅದನ್ನು ನೋಡಿ ಹಿಗ್ಗಿ, ಇಂಥ ಗುಂಪು ಜಾವಾದಲ್ಲೇ ಇಲ್ಲವೆಂದು ನಮಗೊಂದು ಗೋಡೆ ಗಡಿಯಾರ ಕಳಿಸಿದ್ದರು.

ಗಡಿಯಾರ ಬಂದ ವಾರವೇ ಲೆಂಪರ್ ಬರಲಿಲ್ಲ.

ಲೆಂಪರ್ ಬು ತುಕಿನಾಳ ಕೆಲಸ. ಬು ಎಂದರೆ ನಮ್ಮಲ್ಲಿ ಅಮ್ಮ. ಅಂಟಕ್ಕಿಯನ್ನು ತೆಂಗಿನಹಾಲಲ್ಲಿ ಬೇಯಿಸಿ, ನಡುವೆ ಕೋಳಿ ಹೂರಣ ಇಟ್ಟು, ಬಾಳೆಎಲೆಯಲ್ಲಿ ಸುತ್ತುತ್ತಾಳೆ. ಅವಳ ಕೈಯದನ್ನು ತಿಂದವರು ಎಲೆಯನ್ನೂ ಮೂಸಿ ನೋಡಿ ಎಸೆಯುತ್ತಾರೆ. ಆರ್ಡರಿಗೆ ಅವಳು ಹಸಿರು ಒತ್ತಿದ್ದಳು. ಅದೇ ದಿನ ಗಂಡನ ದಾಯಾದಿಯ ಮನೆಯ ಮದುವೆಗೆ ಅಡುಗೆಗೆ ಬರುತ್ತೇನೆಂದೂ ಒಪ್ಪಿದ್ದಳು. ಅಲ್ಲಿ ಇಲ್ಲವೆನ್ನಲು ಬಾಯಿ ಬರಲಿಲ್ಲ, ಇಲ್ಲಿ ಇಲ್ಲವೆನ್ನಲು ಬೆರಳು ಬರಲಿಲ್ಲ. ನಾವು ಹುಡುಕಿಕೊಂಡು ಹೋದಾಗ ಅವಳ ಮನೆಗೆ ಬೀಗ. ಬೀರುವಿನೊಳಗೆಲ್ಲೋ ಅವಳ ಮೊಬೈಲು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದುದು ಕಿಟಕಿಯಿಂದ ಕೇಳುತ್ತಿತ್ತು.

ಪಿಕಪ್ ಗಾಡಿ ಕಾಯುತ್ತಿತ್ತು. ಆಗ ಬುದೆ ವಿಜಿ, ನಮ್ಮ ಗುಂಪಿನಲ್ಲೆಲ್ಲ ಹಿರಿಯಳು, ಎಲ್ಲರಿಗೂ ದೊಡ್ಡಮ್ಮ, ಒಂದು ಬುಟ್ಟಿ ಹೊತ್ತು ಬಂದಳು. ಅದು ಉಪವಾಸದ ತಿಂಗಳಿಗೆ ಮುಂಚಿನ ರುವಾಹ್ ತಿಂಗಳು. ತೀರಿಹೋದವರನ್ನು ನೆನೆದು ಮನೆಮನೆಯಲ್ಲಿ ಅಕ್ಕಿಹಿಟ್ಟಿನ ದಪ್ಪ ದೋಸೆಯಂಥ ಆಪೆಮ್ ಹುಯ್ಯುವ ಕಾಲ. ಬುಟ್ಟಿಯಲ್ಲಿದ್ದದ್ದು ಅವಳ ಗಂಡನ ಹೆಸರಿನ ಆಪೆಮ್.

"ಬೇಡ ಬುದೆ, ಇದು ದೊಡ್ಡಪ್ಪನಿಗೆ ಅಂತ ಮಾಡಿದ್ದು," ಎಂದೆ.

"ಅವರೇನೂ ಕೋಪ ಮಾಡ್ಕೊಳಲ್ಲ ಬಿಡು. ಬದುಕಿದ್ದಾಗ್ಲೂ ಅವರಿಗೆ ಊಟ ತಡವಾಗೇ ಸಿಗ್ತಿತ್ತು."

ಪೆಟ್ಟಿಗೆಗಳು ಆಪೆಮ್ ತುಂಬಿಕೊಂಡು ಹೋದವು. ಕೇಳಿದ್ದು ಒಂದು, ಬಂದದ್ದು ಇನ್ನೊಂದು ಎಂದು ಕಚೇರಿಯವರು ನಕ್ಕರು. ಬುದೆ ವಿಜಿಯ ಮನೆಯ ಪ್ರಾರ್ಥನೆ ಆ ಸಂಜೆ ಬರೀ ಚಹಾದಲ್ಲಿ ಮುಗಿಯಿತು. ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ತುಕಿನಾಳಿಗೆ ಹಗುರವಾಗುತ್ತಿತ್ತೇನೋ. ಅಂದಿನಿಂದ ತುಕಿನಾ ಬುದೆಯ ಬಾಗಿಲ ಮುಂದಿನ ದಾರಿ ಬಿಟ್ಟು, ಸಲಾಕ್ ಹಣ್ಣಿನ ತೋಟದ ಮುಳ್ಳಿನ ನಡುವೆ ಸುತ್ತಿಕೊಂಡು ಓಡಾಡತೊಡಗಿದಳು.

ತಪ್ಪು ಎಲ್ಲಿದೆಯೆಂದು ನೋಡಲು ಕಂಪನಿ ವೆನಿಂಗಳನ್ನು ಕಳಿಸಿತು. ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಬಳಸುವವರ ಕೈಗೆ ಹೇಗೆ ಸಲೀಸಾಗಬೇಕು ಎಂದು ಯೋಚಿಸಿ ರೂಪಿಸುವುದು ಅವಳ ಕೆಲಸ. ಸಣ್ಣ ವಯಸ್ಸು, ಚುರುಕು ಕಣ್ಣು. ನನ್ನ ಮನೆಯಲ್ಲೇ ಉಳಿದುಕೊಂಡಳು.

"ಮಾಡೋಕಾಗದಿದ್ರೆ ಕೆಂಪು ಗುಂಡಿ ಯಾಕೆ ಒತ್ತಲ್ಲ?" ಎಂದು ಗುಂಪಿನವರನ್ನು ಕೇಳಿದಳು.

ಹೆಂಗಸರು ನೆಲ ನೋಡಿ ನಕ್ಕರು. "ಕನ್ನಡಕ ಇರಲಿಲ್ಲ," ಎಂದಳೊಬ್ಬಳು. "ಗುಂಡಿ ಸಣ್ಣದು," ಎಂದಳು ಇನ್ನೊಬ್ಬಳು.

ಪಾಪ, ನಂಬಿದಳು. ವಾರ ಕಳೆಯುವುದರೊಳಗೆ ಕೆಂಪು ಗುಂಡಿ ಟೊಮೆಟೊ ಹಣ್ಣಿನಷ್ಟಾಯಿತು. ಯಾರೂ ಒತ್ತಲಿಲ್ಲ.

"ಮೊದಲಾದ್ರೆ ಮೆಣಸಿನಕಾಯಿ ಥರ ಮೂಲೇಲಿತ್ತು, ಕಾಣದ ಹಾಗೆ ಇರಬಹುದಿತ್ತು," ಎಂದು ನಾಗಸಾರಿ ಮಾಡುವವಳು ನನ್ನ ಕಿವಿಯಲ್ಲಿ ಹೇಳಿದಳು. "ಈಗ ಜಗಳಕ್ಕೆ ಬಂದೋರ ಥರ ಎದುರಿಗೇ ನಿಂತಿರತ್ತೆ. ನಂಗೆ ಮೊಬೈಲ್ ತೆಗೆಯೋಕೇ ಭಯ."

ವೆನಿಂಗ್ ಸೋತವಳಂತೆ ಊಟಕ್ಕೆ ಕೂತಳು. ಅಂದು ತೆಂಗಿನಹಾಲಿನ ಲೋದೆ ಸಾರು ಮಾಡಿದ್ದೆ, ಸೋಯಾಕಾಳಿನ ಟೆಂಪೆ ಕರಿದಿದ್ದೆ. ಬುದೆ ವಿಜಿಯೂ ಇದ್ದಳು. ಹುಡುಗಿ ಎರಡು ಸಲ ಅನ್ನ ಹಾಕಿಸಿಕೊಂಡಳು.

"ಇನ್ನೊಂಚೂರು ಹಾಕ್ತೀನಿ," ಎಂದೆ.

"ಹೂಂ ಬು, ಆಮೇಲೆ."

"ಸಾರು ತಣ್ಣಗಾಗತ್ತೆ. ಟೆಂಪೆ ಆದ್ರೂ ತಗೋ."

"ಖಂಡಿತ ಬು. ಕೈ ತೊಳ್ಕೊಂಡು ಬಂದೆ."

ಹೋದವಳು ಬರಲಿಲ್ಲ. ಇಣುಕಿ ನೋಡಿದರೆ ಬಾವಿಯ ಹತ್ತಿರ ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದಳು. ಬುದೆ ವಿಜಿ ಕುಳಿತಲ್ಲಿಂದಲೇ ಕೂಗಿದಳು:

"ಮಗಳೇ, ಹೊಟ್ಟೆ ತುಂಬಿದ್ರೆ ಕೆಂಪು ಗುಂಡಿ ಒತ್ತಬಾರ್ದಾ?"

"ಅಯ್ಯೋ ಬುದೆ, ಬು ಅಷ್ಟು ಪ್ರೀತಿಯಿಂದ ಬಡಿಸೋವಾಗ ಬೇಡ ಅಂತ ಹೇಗೆ..."

ನೀರಿನ ತಂಬಿಗೆ ಕೈಯಲ್ಲಿ ಹಾಗೇ ಉಳಿಯಿತು. ಆಮೇಲೆ ಅವಳು ಒದ್ದೆ ಕೈಯಲ್ಲೇ ಓಡಿಬಂದು ನಮ್ಮ ನಡುವೆ ಮಂಡಿಯೂರಿ ಕೂತಳು. ಕಣ್ಣುಗಳು ಹೊಳೆಯುತ್ತಿದ್ದವು.

"ನಾನೂ ಒತ್ತಲಿಲ್ಲ," ಎಂದಳು. "ಬು, ನೋಡಿ, ನಾನೂ ಒತ್ತಲಿಲ್ಲ. ನಮ್ಮಮ್ಮ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಬಾರ್ದು ಅಂತ ಬೆಳೆಸಿದ್ಲು. ನಾನು ಹೋಗಿ ಹೋಗಿ ನಿಮ್ಮ ಕೈಗೆ ಅಂಥದ್ದೇ ಒಂದು ಗುಂಡಿ ಕೊಟ್ಟಿದೀನಿ. ಅದೂ ಕೆಂಪು."

"ಅದೂ ಟೊಮೆಟೊದಷ್ಟು," ಎಂದಳು ಬುದೆ.

ಮೂವರೂ ನಕ್ಕು ನಕ್ಕು ಸುಸ್ತಾದೆವು. ನಗು ನಿಂತ ಮೇಲೆ ವೆನಿಂಗ್ ಕೇಳಿದಳು: "ನೀವು ಮನೆ ಕಟ್ಟೋವಾಗ ಕೈ ಸಾಲದೆ ಬಂದ್ರೆ ಏನ್ ಮಾಡ್ತೀರಿ?"

"ಸಂಬಾತನ್," ಎಂದೆ. "ನೆರೆಯೋರನ್ನ ಕರೀತೀವಿ. ಎಲ್ರೂ ಬಂದು ತೊಲೆ ಎತ್ತಿಕೊಡ್ತಾರೆ."

"ಕರಿಯೋಕೆ ನಾಚಿಕೆ ಆಗಲ್ವಾ?"

"ಕರೀದಿದ್ರೆ ನಾಚಿಕೆ. ನಮ್ಮನ್ನ ಹೊರಗಿನೋರು ಅಂದ್ಕೊಂಡ್ರಾ ಅಂತ ಬೇಜಾರಾಗ್ತಾರೆ."

ಆ ಮಧ್ಯಾಹ್ನ ಅವಳು ನೆಲದ ಮೇಲೆ ಹಾಳೆ ಹರಡಿಕೊಂಡು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೆಂಪು ಗುಂಡಿ ಹೋಯಿತು. ಹಸಿರಿನ ಪಕ್ಕದಲ್ಲಿ ಮಣ್ಣಿನ ಬಣ್ಣದ ಇನ್ನೊಂದು ಬಂತು. ಅದರ ಮೇಲೆ "ಸಂಬಾತನ್". ಒತ್ತಿದರೆ ಎಲ್ಲರ ಮೊಬೈಲಿಗೂ ಕರೆ ಹೋಗುತ್ತದೆ. ಕರೆದವರ ಹೆಸರು ಕಾಣದಂತೆ ಮಾಡುತ್ತೇನೆ, ಸಂಕೋಚ ಇರುವುದಿಲ್ಲ ಎಂದಳು.

ಬುದೆ ತಲೆಯಾಡಿಸಿದಳು. "ಯಾರ ಮನೆ ಅಂತ ತಿಳೀದೆ ಹೋಗೋದಾದ್ರೂ ಎಲ್ಲಿಗೆ?"

ಹೆಸರು ಉಳಿಯಿತು. ಕರೆಯ ಸದ್ದು ಏನಿರಲಿ ಎಂದು ಕೇಳಿದಾಗ ನಾನು ಕಾವಲುಕಟ್ಟೆಯಲ್ಲಿ ತೂಗುಹಾಕಿದ ಮರದ ಕೆಂತೊಂಗನ್ನು ತೋರಿಸಿದೆ. ಊರಿಗೆಲ್ಲ ಕೇಳುವಂತೆ ಬಡಿಯುವುದು ಅದನ್ನೇ. ಅವಳು ಹೋಗಿ ತಾನೇ ಬಡಿದು, ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು. ಬೆಂಕಿ ಬಿತ್ತೇನೋ ಎಂದು ಓಡಿಬಂದವರಿಗೆಲ್ಲ ಚಹಾ ಮಾಡಿಕೊಡುವಷ್ಟರಲ್ಲಿ ನನಗೆ ಸಾಕಾಯಿತು.

ಹೊಸ ಪರದೆ ಬಂದ ಮೇಲೆ ಮೊದಲ ದೊಡ್ಡ ಆರ್ಡರು, ಬೆಟ್ಟ ಕಾಣಿಸಿದ ಆ ಬೆಳಗಿನದು. ಲೆಂಪರಿನ ಎದುರು ತುಕಿನಾ ಎಂದಿನಂತೆ ಹಸಿರು ಒತ್ತಿದ್ದಳು.

ನಾಗಸಾರಿ ಬಂತು. ಕಡಲೆಕಾಯಿ ಬಂತು. ಮಸೀದಿಯ ತಗಡಿನ ಮೇಲೆ ಬಿಸಿಲು ಬಿದ್ದರೆ ಪಿಕಪ್ ಹೊರಡಬೇಕು. ಬಿಸಿಲು ಆಗಲೇ ತೆಂಗಿನ ಗರಿಗಳ ತುದಿಗೆ ಬಂದಿತ್ತು. ಲೆಂಪರಿನ ಸುಳಿವಿಲ್ಲ. ವೆನಿಂಗ್ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಬುದೆ ಜಪಮಣಿ ಎಣಿಸುತ್ತಿದ್ದಳು. ಗಾಡಿ ಓಡಿಸುವ ಪಾ ಜುಮಾದಿ ಬಾಗಿಲಲ್ಲಿ ನಿಂತು ಕೇಳಿದ: "ಈ ಸಲ ಯಾರ ಗಂಡನ ಆಪೆಮ್ ಹೊರಡ್ತಿದೆ?"

"ನಿನ್ನ ಹೆಂಡ್ತಿ ಕೈಲಿ ಈಗಲೇ ಹುಯ್ಸಿಡ್ತೀನಿ, ನಿನ್ನ ಹೆಸರಲ್ಲೇ," ಎಂದಳು ಬುದೆ, ಮಣಿ ಬಿಡದೆ.

ನಾನು ಎದ್ದೆ. ತುಕಿನಾಳ ಮನೆಗೆ ಹೋಗೋಣ ಎನ್ನಿಸಿತು. ಹೋಗಿ ಬೀಗ ನೋಡಿದರೆ ಏನು ಗತಿ ಎಂದು ಮತ್ತೆ ಕೂತೆ. ಒಡೆಯಾ, ಆ ಹೆಂಗಸಿನ ಬೆರಳಿಗೆ ಧೈರ್ಯ ಕೊಡು ಎಂದು ಬೇಡಿಕೊಂಡೆ. ಅಷ್ಟು ಸಣ್ಣ ಬೇಡಿಕೆಯನ್ನು ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಬೇಡಿದ್ದಿಲ್ಲ.

ಟೊಕ್ ಟೊಕ್ ಟೊಕ್.

ನನ್ನ ಮಡಿಲಲ್ಲಿ, ಬುದೆಯ ಚೀಲದಲ್ಲಿ, ಕಿಟಕಿಯ ಮೇಲೆ, ಪಕ್ಕದ ಮನೆಯಲ್ಲಿ, ಅದರಾಚೆಯ ಮನೆಯಲ್ಲಿ, ಎಲ್ಲ ಮೊಬೈಲುಗಳಲ್ಲೂ ಒಟ್ಟಿಗೆ ಕೆಂತೊಂಗು ಬಡಿಯಿತು. ಪರದೆಯ ಮೇಲೆ ಹೀಗಿತ್ತು: "ತುಕಿನಾ ಮನೆಗೆ ಕೈ ಬೇಕು. ಲೆಂಪರ್ ಸುತ್ತಲು."

ವೆನಿಂಗ್ ಬಾಯಿಗೆ ಕೈ ಅಡ್ಡ ಹಿಡಿದಳು. "ಒತ್ತಿದ್ರು," ಎಂದಳು ಪಿಸುಮಾತಿನಲ್ಲಿ. "ಬು, ಒತ್ತಿದ್ರು."

ಮೊದಲು ಎದ್ದವಳು ಬುದೆ ವಿಜಿ. ಆ ಮಂಡಿಗಳಲ್ಲಿ ಅಷ್ಟು ಬೇಗ ಏಳುವುದು ಹೇಗೆಂದು ನನಗೆ ಇಂದಿಗೂ ತಿಳಿಯದು. ಅವಳ ಹಿಂದೆ ನಾವು, ನಮ್ಮ ಹಿಂದೆ ಬೀದಿಯ ಮನೆಗಳಿಂದ ಒಬ್ಬೊಬ್ಬರೇ ಹೊರಟು ಸೇರಿಕೊಂಡವರು. ಪಾ ಜುಮಾದಿ ಪೆಟ್ಟಿಗೆಗಳನ್ನೆಲ್ಲ ಗಾಡಿಗೆ ತುಂಬಿಕೊಂಡು, ಹಾರ್ನ್ ಬಾರಿಸುತ್ತ ನಮ್ಮ ಬೆನ್ನಿಗೇ ಬಂದ.

ತುಕಿನಾಳ ಜೊತೆ ಎಲೆ ಸುತ್ತುವ ತಂಗಿ ಜ್ವರದಲ್ಲಿ ಮಲಗಿದ್ದಳು. ಅಂಟಕ್ಕಿ ಬೆಂದಿತ್ತು, ಹೂರಣ ಆಗಿತ್ತು. ಬಿಸಿ ಆರಿದರೆ ಅನ್ನ ಬಿರುಸಾಗಿ ಸುತ್ತಲು ಬಾರದು. ತುಕಿನಾ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೂ ಅನ್ನ ಮೆತ್ತಿಕೊಂಡು. ಬುದೆಯನ್ನು ಕಂಡು ಅವಳ ಮುಖದ ಬಣ್ಣ ಹೋಯಿತು.

"ಬುದೆ... ಮನೆಯೆಲ್ಲ ಗಲೀಜು," ಎಂದಳು.

"ಗಲೀಜು ನೋಡೋಕೆ ಬಂದಿಲ್ಲ ಕಣೇ, ಸುತ್ತೋಕೆ ಬಂದಿದೀನಿ. ಸರಿ, ದಾರಿ ಬಿಡು."

ಆಮೇಲಿನದು ಹಬ್ಬ. ಒಬ್ಬಳು ಅನ್ನ ಹರಡಿದರೆ ಒಬ್ಬಳು ಹೂರಣ, ಇನ್ನೊಬ್ಬಳು ಎಲೆ, ಮತ್ತೊಬ್ಬಳು ಬಿದಿರು ಕಡ್ಡಿ ಚುಚ್ಚಿ ಪೆಟ್ಟಿಗೆಗೆ. ಬೆರಳು ಸುಟ್ಟುಕೊಂಡವರು ತಂಪಿಗೆ ಕಿವಿ ಹಿಡಿದುಕೊಳ್ಳುತ್ತ, ಮತ್ತೆ ಅನ್ನಕ್ಕೆ ಕೈ ಹಾಕುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಸುತ್ತಿದೆವು. ವೆನಿಂಗ್ ಸುತ್ತಿದ್ದೊಂದನ್ನು ಬುದೆ ಎತ್ತಿ ಹಿಡಿದಳು.

"ಇದು ಲೆಂಪರೋ ತಲೆದಿಂಬೋ?"

"ಬುದೆ, ನಾನು ಪರದೆ ಮಾಡೋಳು."

"ಪರದೆ ಚೆನ್ನಾಗಿ ಮಾಡ್ತೀಯ. ಇದನ್ನ ನೀನೇ ತಿನ್ನು."

ತುಕಿನಾ ಮೊದಲು ಯಾರ ಮುಖವನ್ನೂ ನೋಡದೆ ಕೆಲಸ ಮಾಡುತ್ತಿದ್ದಳು. ಆ ತಲೆದಿಂಬನ್ನು ನೋಡಿ ತಡೆಯಲಾರದೆ ನಕ್ಕುಬಿಟ್ಟಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೆಂದು ಆಗ ನಮಗೆ ನೆನಪಾಯಿತು.

ಬಿಸಿಲು ಮಸೀದಿಯ ತಗಡು ಮುಟ್ಟುವಾಗ ಕೊನೆಯ ಪೆಟ್ಟಿಗೆಯ ಮುಚ್ಚಳ ಬಿತ್ತು. ಪಿಕಪ್ ಹೊರಟುಹೋಯಿತು. ನಾವು ತುಕಿನಾಳ ಅಡುಗೆಮನೆಯ ನೆಲದಲ್ಲೇ ಕಾದು ಕೂತೆವು. ಯಾರಿಗೂ ಮನೆಗೆ ಹೋಗುವ ಮನಸ್ಸಿಲ್ಲ. ಚಹಾ ಒಲೆಯ ಮೇಲಿದ್ದಾಗ ವೆನಿಂಗಳ ಮೊಬೈಲು ಮಿನುಗಿತು. ಅವಳು ಓದಿ ನನ್ನ ಕೈಗೆ ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ:

"ಎಲ್ಲವೂ ಸರಿಯಾಗಿ ತಲುಪಿದೆ. ಲೆಂಪರ್ ಇನ್ನೂ ಬಿಸಿಯಿತ್ತು. ಉಪವಾಸದ ತಿಂಗಳು ಮುಗಿದ ಮೇಲಿನ ಸಭೆಗಳಿಗೂ ನಿಮ್ಮದೇ ಇರಲಿ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಎದ್ದು ಹಿತ್ತಲಿಗೆ ಹೋದೆ. ಬೆಟ್ಟ ಇನ್ನೂ ಕಾಣುತ್ತಿತ್ತು. ಒಡೆಯನಿಗೆ ಹೇಳಬೇಕಾದ್ದನ್ನು ಹೇಳಿ ಒಳಗೆ ಬಂದೆ.

ರುವಾಹ್ ತಿಂಗಳ ಕೊನೆಯ ಗುರುವಾರ, ಸಂಜೆಯ ಬಾಂಗಿಗೆ ಮುಂಚೆ, ನಾನು ಬುದೆ ವಿಜಿಯ ಮನೆಯ ಜಗಲಿಯಲ್ಲಿ ಚಾಪೆ ಹಾಸುತ್ತಿದ್ದೆ. ಅವಳು ಮತ್ತೊಂದು ಸಲ ಪ್ರಾರ್ಥನೆ ಇಟ್ಟುಕೊಂಡಿದ್ದಳು. ಮಂಡಿ ನೋವೆಂದು ಅವಳು ಏನೂ ಹುಯ್ದಿರಲಿಲ್ಲ. ಚಹಾ ಸಾಕು ಎಂದಿದ್ದಳು.

ತುಕಿನಾ ಬಂದಳು. ಸಲಾಕ್ ತೋಟದ ಕಡೆಯಿಂದಲ್ಲ, ನೇರ ದಾರಿಯಲ್ಲಿ. ಕೈಯಲ್ಲಿ ಬಾಳೆಎಲೆ ಮುಚ್ಚಿದ ಬಿದಿರಿನ ತಟ್ಟೆ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಬಗ್ಗಿ ನಡೆದು ಬಂದು, ತಟ್ಟೆಯನ್ನು ಎರಡೂ ಕೈಯಲ್ಲಿ ಬುದೆಯ ಮುಂದೆ ಚಾಪೆಯ ಮೇಲಿಟ್ಟಳು. ಬುದೆ ಎಲೆಯ ಒಂದು ಮೂಲೆ ಎತ್ತಿದಳು. ಒಳಗೆ ಆಪೆಮ್, ಇನ್ನೂ ಹಬೆಯಾಡುತ್ತಿದ್ದವು.