ನಾಲ್ಕು ಸೆಕೆಂಡಿನ ಅಳು

ಮತ್ತೆ ಅದೇ ಹೆಂಗಸಿನ ದನಿ. ಈ ಸಲ ಪೆಟ್ರೋಲ್ ಬಂಕಿನ ಕಾಫಿ ಮೆಷಿನ್ನಿನ ಮೇಲಿದ್ದ ಸ್ಪೀಕರಿನಿಂದ. ವೆಸೆಲಿನ್ ಆ ಕಡೆ ಮುಖ ತಿರುಗಿಸಲಿಲ್ಲ. 'ಓಯ್ ಲೇಲೇ' ಎಂದು ಏರಿ, ಮುರಿದು, ಮತ್ತೆ ಮೊದಲಿನಿಂದ ಏರುವ ನಾಲ್ಕು ಸೆಕೆಂಡು. ಅದರ ಕೆಳಗೆ ಅವನದೇ ಡ್ರಮ್ಮು. ಎಲ್ಲಿ ಕತ್ತರಿಸಿ ಎಲ್ಲಿಗೆ ಅಂಟಿಸಿದ್ದೇನೆಂಬುದು ಇನ್ನೊಬ್ಬರ ಕಿವಿಗೆ ಸಿಕ್ಕಲಾರದು ಎಂಬ ಹೆಮ್ಮೆ ಒಂದು ಕಾಲಕ್ಕೆ ಇತ್ತು. ಈಗ ಅವನಿಗೆ ಕೇಳಿಸುವುದು ಕತ್ತರಿಸಿದ ಜಾಗ ಮಾತ್ರ.

"ಚೆನ್ನಾಗಿದೆ ಅಲ್ವಾ ಸಾರ್?" ಎಂದಳು ಕೌಂಟರಿನ ಹುಡುಗಿ, ತಲೆ ಆಡಿಸುತ್ತ.

"ಕೇಳಿಲ್ಲ" ಎಂದ.

ಯಾಕೆ ಹಾಗಂದೆ ಎಂದು ಕಾರಿನ ಬಾಗಿಲು ಎಳೆದುಕೊಳ್ಳುವಾಗ ಯೋಚಿಸಿದ. ಉತ್ತರ ಹೊಳೆಯುವ ಮೊದಲೇ ಫೋನು ಬಂತು. ವಕೀಲ ಕಲೋಯಾನ್.

"ಊರು ಮುಟ್ಟಿದ್ಯಾ?"

"ದಾರೀಲಿದೀನಿ."

"ಸೋಮವಾರದೊಳಗೆ ಸಹಿ ಬರ್ಲಿಲ್ಲ ಅಂದ್ರೆ ಹಾಡು ಬಿಡುಗಡೆ ಮಾಡಿದ ಕಂಪನಿಯೋರು ಅದನ್ನ ಎಲ್ಲಾ ಕಡೆಯಿಂದ ಕಿತ್ತು ಹಾಕ್ತಾರೆ. ಆಮೇಲೆ ನನ್ ಹತ್ರ ಬಂದು ಅಳ್ಬೇಡ."

"ಜನಪದ ಕಣೋ ಅದು. ಯಾರಪ್ಪನ ಸ್ವತ್ತೂ ಅಲ್ಲ."

"ಹಾಡು ಯಾರಪ್ಪಂದೂ ಅಲ್ಲ, ಒಪ್ದೆ. ಗಂಟಲು ಅದನ್ನ ಹಾಡಿದ ಮುದುಕೀದು. ಮುದುಕಿ ಸತ್ಮೇಲೆ ಮಗಳದ್ದು, ಅದಕ್ಕೇ ಅವಳ ಸಹಿ ಬೇಕಿರೋದು. ಟೇಪು ಸಂಸ್ಥೆದು, ಅವರು ಹೇಗೋ ಒಪ್ಕೊಂಡ್ರು. ನಿಂದು ಅಂತ ಇರೋದು ಡ್ರಮ್ಮು ಮಾತ್ರ."

"ಡ್ರಮ್ಮು ಅಂದ್ಹಾಗೆ, ಅದನ್ನ ಕದ್ದ ಆ ಪ್ಲೋವ್ದಿವ್‌ನೋಳು ಏನಂತಾಳೆ?"

"ನಿನ್ನ ಡ್ರಮ್ಮು ಎರಡೇ ಸೆಕೆಂಡು ತಗೊಂಡಿದ್ದಂತೆ. ಅದ್ರಿಂದ ಬೇರೆ ಏನೋ ಮಾಡಿದೀನಿ, ಅದು ನಂದೇ ಅಂತಾಳೆ."

"ಎರಡು ಸೆಕೆಂಡಾದ್ರೂ ಕಳ್ಳತನ ಕಳ್ಳತನಾನೇ. ಬಿಡ್ಬೇಡ ಅವಳ್ನ."

"ಆಗ್ಲಿ" ಎಂದ ಕಲೋಯಾನ್. ಅವನು ನಗುತ್ತಿದ್ದಾನೆಂದು ವೆಸೆಲಿನ್‌ಗೆ ಅನ್ನಿಸಿತು. ಫೋನು ಇಟ್ಟ ಮೇಲೂ ಸಿಟ್ಟು ಇಳಿಯಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಇದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದ. ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅದರ ಮೇಲೆ ಪ್ರಬಂಧ ಬರೆಯಲಿಕ್ಕೆ. ಗ್ರೋಜ್ದಾ ಎಂಬ ಮುದುಕಿ ಅಳುವುದಕ್ಕೆ ಸುತ್ತ ಏಳೂರಿಗೆ ಹೆಸರಾಗಿದ್ದಳು. ಪ್ರಬಂಧ ಮುಗಿಯಿತು, ಹೊಗಳಿಕೆಯೂ ಬಂತು. ಪಾಠ ಹೇಳುವ ಕೆಲಸ ಬರಲಿಲ್ಲ. ಜನಪದ ಸಂಸ್ಥೆಯಲ್ಲಿ ಹನ್ನೊಂದು ವರ್ಷ ಟೇಪುಗಳಿಗೆ ನಂಬರು ಅಂಟಿಸಿದ. ಹೆಂಡತಿ ಬಂದಳು, ಹೋದಳು. ಎರಡಕ್ಕೂ ಅವನು ಅಂಥ ಕಾರಣನಾಗಿರಲಿಲ್ಲ. ಸಂಸ್ಥೆ ಬಿಡುವ ದಿನ ಆ ಟೇಪಿನ ಒಂದು ಪ್ರತಿ ಜೇಬಿಗಿಳಿಸಿದ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕೆ ಎಂದುಕೊಂಡಿದ್ದ. ಆಮೇಲೆ ಸೋಫಿಯಾದ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಮೂರು ಚಳಿಗಾಲ ಕೂತು ಮಾಡಿದ್ದು ಈ ಒಂದು ಹಾಡು. ಈಗ ಲಿಸ್ಬನ್ನಿನಲ್ಲೂ ಅದಕ್ಕೆ ಕುಣಿಯುತ್ತಾರಂತೆ. ನಲವತ್ತೊಂದು ವರ್ಷದ ಬದುಕಿನಲ್ಲಿ ತೋರಿಸಿಕೊಳ್ಳಲು ಇರುವುದು ಅದೊಂದೇ. ಅದನ್ನೂ ಸೋಮವಾರ ಕಿತ್ತುಹಾಕಿದರೆ ತಾನು ಯಾರು ಎಂದು ಕೇಳಿದವರಿಗೆ ಹೇಳಲು ಏನೂ ಉಳಿಯುವುದಿಲ್ಲ.

ಆ ಟೇಪಿನ ಮೊದಲ ನಿಮಿಷವನ್ನು ಅವನು ಯಾವತ್ತೂ ಕೇಳುತ್ತಿರಲಿಲ್ಲ. ಅದರಲ್ಲಿ ಅವನದೇ ದನಿ ಇತ್ತು. ಎಳೆಯ, ಉಡಾಫೆಯ ದನಿ. ಏನೋ ಹೇಳಿ ನಗುತ್ತಿತ್ತು. ಅದನ್ನು ದಾಟಿಸಿಯೇ ಶುರುಮಾಡುವುದು ರೂಢಿಯಾಗಿಹೋಗಿತ್ತು.

ಗ್ರೋಜ್ದಾಳ ಊರಾದ ಕಾಮೆನ್‌ದೋಲ್‌ನಲ್ಲಿ ಬಾಗಿಲು ತೆರೆದ ಮನೆಗಳಿಗಿಂತ ಮುಚ್ಚಿದ ಮನೆಗಳೇ ಹೆಚ್ಚು. ಎಲ್ಲ ಗೇಟಿನ ಮೇಲೂ ಸತ್ತವರ ಫೋಟೋ ಇರುವ ಚೀಟಿಗಳು. ಸತ್ತು ನಲವತ್ತು ದಿನ, ಆರು ತಿಂಗಳು, ಹತ್ತು ವರ್ಷ. ಗ್ರೋಜ್ದಾಳ ಚೀಟಿಯಲ್ಲಿ 'ಮೂರು ವರ್ಷ' ಎಂದಿತ್ತು. ಮಳೆಗೆ ಮುಖದ ಒಂದು ಪಕ್ಕ ತೊಳೆದುಹೋಗಿತ್ತು. ಅವನು ಉಳಿದ ಪಕ್ಕವನ್ನೂ ನೋಡದೆ ಗೇಟು ತಳ್ಳಿದ.

ಮಗಳು ನೇದಾ ಅಂಗಳದಲ್ಲಿ ಎಲೆಕೋಸು ಹುಳಿಗೆ ಹಾಕಿದ ಪೀಪಾಯಿಯ ಮುಂದೆ ಕೂತಿದ್ದಳು. ಅರವತ್ತರ ಹತ್ತಿರದ ದಪ್ಪ ಹೆಂಗಸು. ತಳದ ನಲ್ಲಿಯಿಂದ ಉಪ್ಪುನೀರು ಬಕೆಟ್ಟಿಗೆ ಇಳಿಯುತ್ತಿತ್ತು.

"ಬಂದ್ರಾ ಪ್ರೊಫೆಸರೇ."

"ನಾನು ಪ್ರೊಫೆಸರಲ್ಲ ಅಕ್ಕಾ."

"ಅವತ್ತು ಆಗ್ತೀನಿ ಅಂದಿದ್ರಿ. ಅದನ್ನ ನಂಬಿ ಅಮ್ಮ ಎರಡು ಕೋಳಿ ಕೊಯ್ದಿದ್ಲು." ತುಂಬಿದ ಬಕೆಟ್ಟನ್ನು ಅವನ ಕಾಲ ಬಳಿಗೆ ನೂಕಿದಳು. "ಸುಮ್ನೆ ಯಾಕ್ ನಿಂತಿದೀರಾ? ಮೇಲಿಂದ ಸುರೀರಿ."

ಸುರಿದ. ಅದೇ ನೀರು ಕೋಸಿನ ಸಂದಿಯಲ್ಲಿ ಇಳಿದು ಮತ್ತೆ ನಲ್ಲಿಗೆ ಬಂತು. ಮತ್ತೆ ಸುರಿದ. ಕೋಟಿನ ತೋಳು ನೆನೆಯಿತು. ಇದನ್ನು ಬೇಕೆಂದೇ ಮಾಡಿಸುತ್ತಿದ್ದಾಳೆಂದು ಗೊತ್ತಾಯಿತು. ಆದರೂ ಸುರಿಯುತ್ತ ಹೋದ, ಸಹಿ ಬೇಕಿತ್ತಲ್ಲ. ಒಳಗಿನಿಂದ ಗೋಧಿ ಬೆಂದ ವಾಸನೆ ಬರುತ್ತಿತ್ತು.

"ಅಡುಗೆ ಜೋರಾಗಿದೆ" ಎಂದ, ಮಾತು ತೆಗೆಯಲೆಂದು.

ನೇದಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವತ್ತು ಯಾವ ಶನಿವಾರ?"

ಆಗ ಹೊಳೆಯಿತು. ಸತ್ತವರ ಶನಿವಾರ. ಗೋಧಿ ಬೇಯಿಸಿ ಸಕ್ಕರೆ ಬೆರೆಸಿ ಗೋರಿಯ ಹತ್ತಿರ ಹಂಚುವ ದಿನ. ಅದರ ಮೇಲೆ ನಲವತ್ತು ಪುಟ ಬರೆದಿದ್ದ ಮನುಷ್ಯ, ಬೇರೆ ಯಾವ ದಿನವೂ ಸಿಗದವನಂತೆ ಇವತ್ತೇ ಕಾಗದ ಹಿಡಿದು ಬಂದಿದ್ದ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇವಳೇ ತನಗೆ ನಾಚಿಕೆಯಾಗುವಂತೆ ಮಾಡಿದಳು ಎಂದು ಕೋಪ ಬಂತು.

"ನಿಮ್ಮ ತಾಯಿ ದನಿ ಪ್ರಪಂಚಕ್ಕೆಲ್ಲ ಮುಟ್ಟಿದೆ ಅಕ್ಕಾ. ಗೌರವ ಅಲ್ವಾ ಅದು?"

"ನನ್ನ ನಾದಿನಿ ಮಗಳ ಮದುವೇಲಿ ಹಾಕಿದ್ರು. ಊಟದ ಮಧ್ಯ. ಅಮ್ಮ ಕಿರುಚ್ತಾ ಇದಾಳೆ, ಇವರೆಲ್ಲ ಕೈ ಮೇಲೆತ್ತಿ ಕುಣೀತಾ ಇದಾರೆ. ನನ್ನ ಮೊಮ್ಮಗಳೂ ಕುಣಿದ್ಲು. ನಿಲ್ಸಿ ಅಂದೆ. ಯಾಕಜ್ಜಿ, ಸೂಪರಾಗಿದೆ ಅಂದ್ಲು." ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು. "ಅದು ಹಾಡು ಅಂತ ಯಾರು ನಿಮಗೆ ಹೇಳಿದ್ದು?"

"ನಾಲ್ಕೇ ಸೆಕೆಂಡು ತಗೊಂಡಿರೋದು."

"ಮೈಯಿಂದ ನಾಲ್ಕೇ ಬೆರಳು ತಗೊಂಡೆ ಅನ್ನೋ ಹಾಗೆ."

"ಅದರಿಂದ ಬೇರೇನೇ ಮಾಡಿದೀನಿ. ಅದು ಈಗ ನಂದು" ಎಂದ. ಈ ಮಾತನ್ನು ಬೆಳಿಗ್ಗೆಯಷ್ಟೇ ಎಲ್ಲೋ ಕೇಳಿದ ಹಾಗಿತ್ತು.

ನೇದಾಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಒಳ್ಳೆಯ ನಗುವಲ್ಲ. "ಹೂಂ. ಅದು ನಿಂದೇ. ಅಷ್ಟಾದ್ರೂ ಸರಿಯಾಗಿ ಹೇಳ್ದೆ." ಬಹುವಚನ ಅಲ್ಲಿಗೆ ಮುಗಿಯಿತು. "ಅಮ್ಮ ಅದ್ರಲ್ಲಿ ಯಾರಿಗೋಸ್ಕರ ಅಳ್ತಿದಾಳೆ, ನೆನಪಿದ್ಯಾ?"

"ಸತ್ತ ಮಗನಿಗೆ. ಸಾಮಾನ್ಯವಾಗಿ ಹಾಗೇ ಇರುತ್ತೆ."

"ನನ್ನಿಬ್ಬರು ತಮ್ಮಂದಿರೂ ಗುಂಡುಕಲ್ಲಿನ ಹಾಗೆ ಇದ್ರು, ಇದಾರೆ. ಹೆಣ ಇಲ್ಲದ ಮನೇಲಿ ಅಳಬಾರ್ದು ಅಂತ ಅಮ್ಮ ಮೂರು ದಿನ ಬೇಡ್ಕೊಂಡ್ಲು ನಿನ್ನ. ನೀನು ಮೇಲೇಳ್ಲಿಲ್ಲ. ಡಿಗ್ರಿ ಹೋಗುತ್ತೆ ಅಂದೆ. ಹೆಸರಿಲ್ಲದೆ ಹೆಂಗಪ್ಪಾ ಅಳ್ಲಿ ಅಂದ್ಲು. ಆಗ ನೀನು ಏನಂದೆ?"

ವೆಸೆಲಿನ್ ಬಕೆಟ್ಟಿನ ಹಿಡಿ ಬಿಡಲಿಲ್ಲ. ಮೊದಲ ನಿಮಿಷ. ತಾನು ಎಂದೂ ಕೇಳದ ಆ ನಿಮಿಷ ಪೂರ್ತಿಯಾಗಿ, ಮೆಷಿನ್ನಿನ ಕಿರಗುಟ್ಟುವಿಕೆಯ ಸಮೇತ, ಕಿವಿಗೆ ಬಂತು. 'ನನ್ನ ಹೆಸರೇ ಹೇಳ್ಕೊಂಡು ಅಳಿ ಅಜ್ಜಿ. ನನಗೇನೂ ಆಗಲ್ಲ.' ಆಮೇಲೆ ನಗು.

"ವೆಸೆಲಿನಾ, ನನ್ನ ಕಂದಾ ಅಂತ ಶುರು ಮಾಡಿದ್ಲು. ನೀನು ಅದನ್ನ ಕತ್ತರಿಸಿ ಬಿಸಾಕಿ ಆಮೇಲಿಂದು ಇಟ್ಕೊಂಡಿದೀಯ" ಎಂದಳು ನೇದಾ. "ಅತ್ತ ಮೇಲೆ ವಾಪಸ್ ತಗೊಳ್ಳಕ್ಕೆ ಬರಲ್ಲ. ಆ ಅಳು ಮನೇಲಿ ಯಾರನ್ನಾದ್ರೂ ಹುಡುಕ್ಕೊಂಡು ಹೋಗುತ್ತೆ. ಅದಕ್ಕೇ ಸತ್ತೋನು ನೀನೇ ಅಂತ ಗಟ್ಟಿ ಮಾಡ್ಬೇಕಿತ್ತು. ಅವತ್ತಿಂದ ಚರ್ಚಲ್ಲಿ ನಿನ್ನ ಮೇಣದಬತ್ತಿ ಸತ್ತೋರಿಗೆ ಹಚ್ಚೋ ಕೆಳಗಿನ ಮರಳಲ್ಲಿ. ಮೇಲಿಂದು ಬದುಕಿರೋರಿಗೆ. ಪ್ರತಿ ಸತ್ತವರ ಶನಿವಾರ ನಿನ್ನ ಪಾಲಿನ ಗೋಧಿ. ಅಮ್ಮ ಹೋದ ಮೇಲೆ ನಾನು ಮಾಡ್ತಿದೀನಿ."

"ನನಗೋಸ್ಕರ?"

"ನಿನಗೋಸ್ಕರ ಯಾಕಪ್ಪಾ? ನಮ್ಮನೆ ಹುಡುಗ್ರು ಉಳೀಲಿ ಅಂತ."

ಅವನಿಗೆ ಏನಾದರೂ ಹೇಳಬೇಕೆನ್ನಿಸಿತು. ಮೂಢನಂಬಿಕೆ ಎನ್ನಬಹುದಿತ್ತು, ಪ್ರಬಂಧದಲ್ಲಿ ಅದಕ್ಕಿಂತ ಮರ್ಯಾದೆಯ ಪದವೊಂದನ್ನು ಬಳಸಿದ್ದ. ಅದು ನೆನಪಾಗಲಿಲ್ಲ.

"ಅಲ್ಲಿಂದೀಚೆಗೆ ಏನಾಯ್ತು ನಿಂಗೆ?" ಎಂದಳು ನೇದಾ, ಮೊದಲ ಸಲ ನಿಜವಾದ ಕುತೂಹಲದಿಂದ.

"ಏನೂ ಆಗ್ಲಿಲ್ಲ."

"ನೋಡಿದ್ಯಾ" ಎಂದು ಕೈ ಒರೆಸಿಕೊಂಡು ಎದ್ದಳು. "ಕಾಗದ ಕೊಡು. ಪೆನ್ನೂ ಕೊಡು."

ಕೊಟ್ಟ. ಅವಳು ಒಳಗೆ ಹೋದಳು. ಪೀಪಾಯಿ ತೊಟ್ಟಿಕ್ಕುತ್ತಿತ್ತು. ಒಂದು ಸಹಿಗೆ ಇಷ್ಟು ಹೊತ್ತು ಬೇಕೆ? ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಬೇಕೆಂದುಕೊಂಡ, ಹೋಗಲಿಲ್ಲ. ಹೊರಗೆ ಬಂದಾಗ ಅವಳು ಕಪ್ಪು ಸ್ಕಾರ್ಫು ಕಟ್ಟಿದ್ದಳು, ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ ಇತ್ತು. ಪೆನ್ನನ್ನು ಮಾತ್ರ ಅವನಿಗೆ ಹಿಂತಿರುಗಿಸಿದಳು.

"ಕಾಗದ?"

"ಸ್ಮಶಾನಕ್ಕೆ ಬಿಡು ನನ್ನ. ಕಾಲು ನೋವು. ಅಲ್ಲಿ ಕೊಡ್ತೀನಿ."

"ಸಹಿ ಹಾಕಿದ್ರಾ?"

"ಗಾಡಿ ತೆಗಿ."

ಕಾರು ಶುರುಮಾಡುವ ಮೊದಲು ಅವನು ರೇಡಿಯೋ ಆರಿಸಿದ. ಅದು ಹಾಡುವುದಕ್ಕೆ ಮೊದಲೇ. ಪಾತ್ರೆಯ ಬಿಸಿಗೆ ಕಾರಿನ ಗಾಜು ಮಂಜಾಯಿತು.

ಸ್ಮಶಾನದಲ್ಲಿ ಹತ್ತು ಹನ್ನೆರಡು ಹೆಂಗಸರು ಗೋರಿಗಳ ನಡುವೆ ಓಡಾಡುತ್ತಿದ್ದರು. ಪ್ಲಾಸ್ಟಿಕ್ ಲೋಟದಲ್ಲಿ ಗೋಧಿ ಕೊಡುವುದು, ತೆಗೆದುಕೊಂಡವರು ಸತ್ತವರಿಗಾಗಿ 'ದೇವರು ಕ್ಷಮಿಸಲಿ' ಎನ್ನುವುದು. ಕೊಟ್ಟದ್ದನ್ನು ಬೇಡವೆನ್ನುವ ಹಾಗಿಲ್ಲ. ಈ ದೇಶದಲ್ಲಿ ಹುಟ್ಟಿದ ಯಾರ ಕೈಯಾದರೂ ಅದಕ್ಕೆ ತಾನಾಗಿ ಮುಂದೆ ಬರುತ್ತದೆ. ನೇದಾ ತಾಯಿಯ ಗೋರಿಗೆ ವೈನು ಸುರಿದಳು. ತಾಯಿಯ ಪಾಲು ಹಂಚಿದಳು. ಲೋಟಗಳು ಮುಗಿದವು.

ಆಮೇಲೆ ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದಳು. ನಾಲ್ಕು ಪುಟದ ಒಪ್ಪಂದ. ಬರಹ ಒಳಗಾಗುವಂತೆ ಅದನ್ನು ಸುತ್ತಿ, ತುದಿ ತಿರುಚಿ, ಕಡಲೆಕಾಯಿ ಮಾರುವವರಂತೆ ಪೊಟ್ಟಣ ಮಾಡಿದಳು. ಪಾತ್ರೆಯ ತಳದಲ್ಲಿದ್ದ ಗೋಧಿಯನ್ನೆಲ್ಲ ಬಳಿದು ಅದಕ್ಕೆ ತುಂಬಿದಳು.

"ಇದು ವೆಸೆಲಿನ್ ಹೆಸರಲ್ಲಿ" ಎಂದಳು ಎಲ್ಲರಿಗೂ ಕೇಳುವಂತೆ.

"ಯಾರದು?" ಎಂದಳೊಬ್ಬಳು.

"ಅಮ್ಮ ಅತ್ತಿದ್ಲಲ್ಲ, ಆ ಹುಡುಗ."

"ಅಯ್ಯೋ ಪಾಪ. ಚಿಕ್ಕ ವಯಸ್ಸು" ಎಂದಳು ಅವಳು, ಶಿಲುಬೆ ಹಾಕಿಕೊಳ್ಳುತ್ತ.

ವೆಸೆಲಿನ್‌ನ ಕೈ ಮುಂದೆ ಬಂದಿತ್ತು. ಪೊಟ್ಟಣ ಬೆಚ್ಚಗಿತ್ತು, ತುಂಬಾ ಭಾರವಿತ್ತು. ಸಹಿ ಇದ್ದರೆ ಕೊನೆಯ ಪುಟದ ಕೆಳಗಿರಬೇಕು. ಕೊನೆಯ ಪುಟ ಒಳಸುತ್ತಿನಲ್ಲಿತ್ತು, ಗೋಧಿಯ ಅಡಿಯಲ್ಲಿ. ಸತ್ತವರ ಗೋಧಿಯನ್ನು ನೆಲಕ್ಕೆ ಸುರಿಯುವಂತಿಲ್ಲ. ಹೆಂಗಸರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

"ದೇವರು ಅವನನ್ನ ಕ್ಷಮಿಸಲಿ" ಎಂದ.

ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಸಿಹಿಯಾಗಿತ್ತು. ಇನ್ನೊಂದು ಹಿಡಿ. ಕಾಗದ ನೆನೆದು ಅಕ್ಷರಗಳು ನೀಲಿಯಾಗಿ ಹರಡುತ್ತಿದ್ದವು. ಅದು ಸಹಿಯ ನೀಲಿಯೋ ಅಚ್ಚಿನ ನೀಲಿಯೋ ತಿಳಿಯಲಿಲ್ಲ. ಸೋಮವಾರಕ್ಕೆ ಇನ್ನು ಎರಡು ದಿನ. ಅವನು ಬೇಗ ಬೇಗ ಅಗಿಯತೊಡಗಿದ, ತಳ ಕಾಣುವ ತನಕ ತಿನ್ನಲೇಬೇಕಿತ್ತು.