ದೋಣಿ ಹೊರಡುವ ಕೂಗು

“ಕತ್ತರಿ ಎಲ್ಲಿಟ್ಟಿದೀರೇ? ಇಷ್ಟು ಜನ ಹೆಂಗಸರಿದ್ದೀರ, ಒಂದು ಕತ್ತರಿ ಸಿಗ್ತಿಲ್ವಾ?”

ಪಾಸ್ತೊರಾ ಅತ್ತೆ ಶವಪೆಟ್ಟಿಗೆಯ ಪಕ್ಕದಿಂದ ಕದಲದೆ ಕೂಗಿದಳು. ಮುಚ್ಚಳ ಹಾಕುವ ಮೊದಲು ಸತ್ತವನ ಕೈಯಲ್ಲಿರುವ ಜಪಮಾಲೆಯನ್ನು ತುಂಡು ಮಾಡಬೇಕು. ಇಲ್ಲದಿದ್ದರೆ ಅದೇ ದಾರ ಹಿಡಿದು ಮನೆಯ ಇನ್ನೊಬ್ಬರು ಹಿಂದೆಯೇ ಹೊರಡುತ್ತಾರೆ. ಹೆಂಗಸರು ಅಡುಗೆಮನೆಯನ್ನು ಜಾಲಾಡುತ್ತಿದ್ದ ಆ ಎರಡು ನಿಮಿಷದಲ್ಲಿ ಫೆಲಿಸಾ ಗಂಡನ ಬಿಳಿ ಅಂಗಿಯ ಅಡಿಗೆ ಒಂದು ಹಳೆಯ ಫೋನನ್ನು ತುರುಕಿದಳು. ಬಟ್ಟೆಯ ಸುಕ್ಕು ಸರಿಮಾಡಿ ಹಿಂದೆ ಸರಿದು ನಿಂತಳು.

ಆಗತಾನೆ ಬಾಗಿಲಿಗೆ ಬಂದಿದ್ದ ಅಮಾಡೊ ಅದನ್ನು ನೋಡಿದ. ಅವನು ಸತ್ತ ಹೆರ್ನಾನಿಯ ಕಾಲೇಜು ಗೆಳೆಯ. ಮನಿಲಾದಿಂದ ಬೆಳಗಿನ ವಿಮಾನದಲ್ಲಿ ಇಲೊಇಲೊಗೆ ಬಂದದ್ದು ಅರ್ಧ ಗೆಳೆಯನ ಮುಖ ನೋಡಲು, ಇನ್ನರ್ಧ ಆ ಫೋನಿಗಾಗಿ. ಹೆಗಲಿನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಅಂಥ ಹಳೆಯ ಫೋನಿಗೆ ಹೊಂದುವ ಅಗಲ ಮೂತಿಯ ಕೇಬಲ್ಲೂ ಇತ್ತು.

ಕತ್ತರಿ ಸಿಕ್ಕಿತು. ದಾರ ತುಂಡಾಯಿತು, ಮುಚ್ಚಳ ಇಳಿಯಿತು. ಶವಸಂಸ್ಕಾರದ ಅಂಗಡಿಯವನು ತಿರುಪುಗಳನ್ನು ಬೆರಳಲ್ಲೇ ಕೂರಿಸಿ, “ಪಾದ್ರಿಗಳು ಬರೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಬಂದ್ಮೇಲೆ ಬಿಗಿ ಮಾಡ್ತೀನಿ,” ಎಂದು ಕಾಫಿಯ ಕಡೆ ಹೋದ.

ಅಂಗಳದ ಕುರ್ಚಿಗಳಲ್ಲಿ ನೀರು ಸರಬರಾಜು ಕಚೇರಿಯವರು ಕೂತಿದ್ದರು.

“ಮಂಗಳವಾರ ಬಿಲ್ ಕೌಂಟರಲ್ಲಿ ಕೂತಿದ್ದ ಹಾಗೇ ಹೋಗ್ಬಿಟ್ಟ,” ಎಂದ ಸಾಲ್ವದೊರ್. “ಸಾಲಲ್ಲಿ ನಿಂತೋರಿಗೆ ಗೊತ್ತೇ ಆಗ್ಲಿಲ್ಲ. ಕಂಪ್ಯೂಟರ್ ನೋಡ್ತಿದಾನೆ ಅಂದ್ಕೊಂಡು ನಿಂತೇ ಇದ್ರು.”

“ಅವನೇನೋ ಫೋನಲ್ಲಿ ಆಡೋ ಆಟ ಮಾಡಿದ್ದನಂತೆ, ಹೌದಾ?” ಎಂದಿತು ಹಿಂದಿನಿಂದ ಒಂದು ದನಿ.

“ಹೌದು, ದೋಣಿ ಆಟ,” ಎಂದಳು ಈಚೆಗಷ್ಟೇ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ನರ್ಸ್ ಇಮೆಲ್ಡಾ. “ಕಾಲೇಜಿಗೆ ಹೋಗೋವಾಗ ಆಡ್ತಿದ್ದೆ. ಆಡು ಹತ್ತಿಸ್ಕೊಂಡ್ರೆ ದೋಣಿ ಒಂದ್ಕಡೆ ವಾಲ್ತಿತ್ತು. ಆಮೇಲೆ ಹೊಸ ಫೋನ್ ತಗೊಂಡೆ, ಹುಡುಕಿದ್ರೆ ಇರ್ಲೇ ಇಲ್ಲ.”

“ತಲೆ ನೆರೆತ ಗಂಡಸು ಕೂತು ಆಟ ಮಾಡೋದಾ!” ಎಂದು ಸಾಲ್ವದೊರ್ ನಕ್ಕ. ಸಾವಿನ ಮನೆಯೆಂದು ನೆನಪಾಗಿ ಬಿಸ್ಕತ್ತನ್ನು ಕಾಫಿಗೆ ಅದ್ದಿದ.

*

ಹೆರ್ನಾನಿ ಆ ಆಟ ಮಾಡಿದಾಗ ಅವನಿಗೆ ನಲವತ್ತು. ಫೆಲಿಸಾ ಗಿಮರಾಸ್ ದ್ವೀಪಕ್ಕೆ ಹೋಗುವ ದೋಣಿಗಳ ಕಟ್ಟೆಯಲ್ಲಿ ಟಿಕೆಟ್ ಮಾರುತ್ತಿದ್ದಳು. ಎಂಜಿನ್ನುಗಳ ಗದ್ದಲವನ್ನು ಸೀಳಿಕೊಂಡು ಅವಳ ಗಂಟಲು ಬೀದಿಯ ತುದಿಗೆ ಮುಟ್ಟುತ್ತಿತ್ತು: “ಗಿಮರಾಸ್! ಇನ್ನಿಬ್ರು, ಇನ್ನಿಬ್ರೇ! ಹತ್ತಿ, ಹತ್ತಿ!” ದೋಣಿ ಪೂರಾ ಖಾಲಿಯಿದ್ದರೂ ಅವಳ ಲೆಕ್ಕದಲ್ಲಿ ಬೇಕಾದವರು ಇನ್ನಿಬ್ಬರೇ.

“ಸುಳ್ಳಿ,” ಎಂದು ಗಂಡ ರೇಗಿಸುತ್ತಿದ್ದ.

“ಸುಳ್ಳು ಹೇಳ್ದಿದ್ರೆ ಮೊದಲನೆಯವನು ಹತ್ತೋದು ಹೇಗೋ, ದಡ್ಡ?”

ಒಂದು ಭಾನುವಾರ ಅವನು ಆ ಕೂಗನ್ನು ಧ್ವನಿಮುದ್ರಿಸಿಕೊಂಡ. ಗಾಳಿ, ಸೆಳವು, ಮಾವಿನ ಬುಟ್ಟಿ, ಆಡು, ತಡವಾಗಿ ಓಡಿಬರುವ ಟೀಚರು, ಎಲ್ಲ ಸೇರಿಸಿ ಎರಡು ವರ್ಷ ಕೂತು ಆಟ ಕಟ್ಟಿದ. ಕಾಸು ಕೇಳದೆ ಆ್ಯಪ್ ಅಂಗಡಿಯಲ್ಲಿಟ್ಟ. ಹನ್ನೊಂದು ಸಾವಿರ ಜನ ಇಳಿಸಿಕೊಂಡರು. ದುಬೈಯಲ್ಲಿ ಮನೆಗೆಲಸಕ್ಕಿದ್ದ ಇಲೊಇಲೊದ ಒಬ್ಬಾಕೆ, ‘ಆ ಕೂಗು ಕೇಳಿದರೆ ಊರಿಗೆ ಬಂದ ಹಾಗಾಗುತ್ತದೆ’ ಎಂದು ಬರೆದಿದ್ದಳು. ಹೆರ್ನಾನಿ ಅದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದ.

ಐದಾರು ವರ್ಷಕ್ಕೆ ಫೆಲಿಸಾಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಗಂಟು ತೆಗೆದರು, ಜೀವ ಉಳಿಯಿತು. ದನಿ ಹೋಯಿತು. ಒಣಗಿದ ಎಲೆಯನ್ನು ನೆಲದ ಮೇಲೆ ಎಳೆದಂಥ ಸದ್ದೊಂದು ಉಳಿಯಿತು. ಮರುವರ್ಷವೇ ಆ್ಯಪ್ ಅಂಗಡಿಯ ಪತ್ರ: ನಿಮ್ಮ ಆಟ ಬಹುಕಾಲದಿಂದ ನವೀಕರಣಗೊಂಡಿಲ್ಲ, ತೊಂಬತ್ತು ದಿನದಲ್ಲಿ ತೆಗೆದುಹಾಕಲಾಗುವುದು.

ಅಮಾಡೊ ಆಗ ಮನಿಲಾದಲ್ಲಿ ಅಂಥ ಅಂಗಡಿಗಳಿಗೆ ಆ್ಯಪ್‌ಗಳನ್ನು ಪರೀಕ್ಷಿಸಿಕೊಡುವ ಕಚೇರಿಯಲ್ಲಿದ್ದ. ಹೆರ್ನಾನಿ ಅವನಿಗೆ ಫೋನು ಮಾಡಿದ.

“ಯಾರಿಗೇನು ತೊಂದರೆ ಕೊಡ್ತು ಅಂತ ತೆಗೀತಾರೋ?”

“ನಿನ್ನದೊಂದೇ ಅಲ್ಲ ಮಾರಾಯ. ಫೋನಿನ ಒಳಗೇ ಎಲ್ಲ ಬದಲಾಗಿದೆ. ಹಳೇ ಆಟ ಹೊಸ ಫೋನಲ್ಲಿ ತೆರೆದ ಕೂಡ್ಲೇ ಮುಚ್ಚಿಕೊಳ್ಳುತ್ತೆ, ಜನ ಅಂಗಡಿಯವರನ್ನ ಬೈತಾರೆ. ಕಳ್ಳರು ನುಗ್ಗೋದೂ ಇಂಥ ಹಳೇ ಬೀಗದ ಬಾಗಿಲಲ್ಲೇ. ಹೊಸದಾಗಿ ಕಟ್ಟಿ ಕಳಿಸು, ಇಟ್ಕೋತಾರೆ.”

“ಏನಿಟ್ಕೊಂಡು ಕಟ್ಲಿ? ಬರೆದದ್ದೆಲ್ಲ ಇದ್ದ ಕಂಪ್ಯೂಟರು ಪ್ರವಾಹದಲ್ಲಿ ಹೋಯ್ತು. ಈಗ ಉಳಿದಿರೋದು ನನ್ನ ಫೋನಲ್ಲಿರೋದೊಂದೇ.”

“ಹಾಗಾದ್ರೆ ಅದನ್ನ ಅಳಿಸ್ಬೇಡ. ನಾನೇ ಬಂದು ಪ್ರತಿ ತೆಗೀತೀನಿ. ಅಂಗಡಿಗಳು ಎಸೆದಂಥ ಮುನ್ನೂರು ಆಟ ಕೂಡಿಟ್ಟಿದೀನಿ, ನಿಂದೂ ಇರ್ಲಿ.”

ಅಮಾಡೊ ಬರಲಿಲ್ಲ. ತೊಂಬತ್ತೊಂದನೆಯ ದಿನ ಹೆರ್ನಾನಿ ಅಂಗಡಿಯಲ್ಲಿ ತನ್ನ ಆಟದ ಹೆಸರು ಹಾಕಿ ಹುಡುಕಿದ. ಯಾರದೋ ವಿಹಾರನೌಕೆಯ ಆಟ ಬಂತು, ಅದರ ಮೇಲೊಂದು ಶಾಂಪೂವಿನ ಜಾಹೀರಾತು.

*

ಫೆಲಿಸಾ ಒಳಗೆ ಸೂಪಿನ ಬಟ್ಟಲುಗಳನ್ನು ಜೋಡಿಸುತ್ತಿದ್ದಳು. ಅಮಾಡೊ ಹಿಂದೆ ಬಂದು ನಿಂತ. ಗೆಳೆಯನ ಹೆಂಡತಿಯನ್ನು ಅವನು ಮದುವೆಯ ದಿನದಿಂದ ಅಕ್ಕನೆಂಬಂತೆ ಮನಾಂಗ್ ಎಂದೇ ಕರೆಯುತ್ತಿದ್ದ.

“ಮನಾಂಗ್, ಆ ಫೋನು...”

“ನೋಡಿದ್ಯಾ?” ಎಂದಳು. ಕೇಳಲು ಅವನು ಬಗ್ಗಬೇಕಾಯಿತು.

“ಹತ್ತೇ ನಿಮಿಷ ಸಾಕು. ಪ್ರತಿ ತಗೊಂಡು ಮತ್ತೆ ಅಲ್ಲೇ ಇಡ್ತೀನಿ. ಭೂಮಿ ಮೇಲೆ ಬೇರೆಲ್ಲೂ ಇಲ್ಲ ಅದು.”

“ಎಷ್ಟು ಸಲ ಕರೆದಿದ್ದ ನಿನ್ನ?”

ಅಮಾಡೊ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

“ನಾಲ್ಕು ಸಲ. ಬ್ಯಾಟರಿ ಉಬ್ಬಿದೆ, ಬೇಗ ಬಾ ಅಂತ. ಬದುಕಿದ್ದಾಗ ಬರದ ಕೇಬಲ್ಲು ಈಗ ಬಂತಾ?”

“ತಪ್ಪು ನಂದೇ. ಅದಕ್ಕೆ ಅವನ ಕೆಲಸಾನ ಯಾಕೆ ಹೂಳ್ಬೇಕು? ಅದರ ಮೇಲಿದ್ದಷ್ಟು ಪ್ರೀತಿ ಅವನಿಗೆ ಬೇರೆ ಯಾವುದ್ರ ಮೇಲೂ ಇರ್ಲಿಲ್ಲ.”

“ಅದನ್ನ ನನಗೆ ಹೇಳ್ತೀಯಾ?”

ಅವಳು ಬಟ್ಟಲು ಕೆಳಗಿಟ್ಟಳು. ಮುಂದಿನ ಮಾತುಗಳನ್ನು ಒಂದೊಂದಕ್ಕೂ ಉಸಿರು ತುಂಬಿಕೊಂಡು ಆಡಿದಳು.

“ದಿನಾ ಊಟ ಆದ್ಮೇಲೆ ಅದಕ್ಕೆ ಚಾರ್ಜರ್ ಹಾಕ್ಕೊಂಡು ಕೂರ್ತಿದ್ದ. ಆಡೋಕಲ್ಲ. ಕೂಗು ಕೇಳೋಕೆ. ಪಕ್ಕದಲ್ಲೇ ಕೂತು ನಾನೇನಾದ್ರೂ ಹೇಳಿದ್ರೆ, ತಡಿ, ತಡಿ ಅಂತಿದ್ದ. ಏಳು ವರ್ಷ ಕಣೋ. ನನ್ನ ದನೀನೇ ನನಗೆ ಸವತಿ ಆಯ್ತು.”

ಹೊರಗೆ ಪಾದ್ರಿಯ ಕಾರು ನಿಂತ ಸದ್ದಾಯಿತು.

“ತಿರುಪು ಇನ್ನೂ ಬಿಗಿ ಮಾಡಿಲ್ಲ,” ಎಂದಳು ಫೆಲಿಸಾ. “ಬೇಕಾದ್ರೆ ಹೋಗಿ ಎಲ್ಲರ ಮುಂದೆ ತೆಗೆಸು. ನಾನು ಬೇಡ ಅನ್ನಲ್ಲ. ಅಂದ್ರೂ ಯಾರಿಗೆ ಕೇಳ್ಸುತ್ತೆ?”

ಪ್ರಾರ್ಥನೆ ಮುಗಿಯಿತು. ಶವಸಂಸ್ಕಾರದ ಅಂಗಡಿಯವನು ತಿರುಪುಳಿ ಹಿಡಿದು, “ಇನ್ನೊಂದ್ಸಲ ಮುಖ ನೋಡೋರು ಯಾರಾದ್ರೂ ಇದ್ದೀರಾ?” ಎಂದು ಕೇಳಿದ. ದೂರದಿಂದ ಬಂದವನೆಂದು ಎಲ್ಲರೂ ಅಮಾಡೊನ ಕಡೆ ತಿರುಗಿದರು. ಅವನ ಕೈ ಚೀಲದ ಜಿಪ್ಪಿನ ಮೇಲಿತ್ತು. ಫೆಲಿಸಾ ಅಡುಗೆಮನೆಯ ಬಾಗಿಲಿಗೆ ಒರಗಿ ಪೆಟ್ಟಿಗೆಯನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದ ಅಮಾಡೊ. “ಬಿಗಿ ಮಾಡಿ.”

ಶವದ ಗಾಡಿಯ ಹಿಂದೆ ಎಲ್ಲರೂ ಬಿಸಿಲಲ್ಲಿ ನಡೆದರು. ಸ್ಮಶಾನದಲ್ಲಿ ಗೋಡೆಯ ಗೂಡಿನೊಳಗೆ ಪೆಟ್ಟಿಗೆ ಸರಿಯಿತು. ಮೇಸ್ತ್ರಿ ಗೂಡಿನ ಬಾಯಿಗೆ ಸಿಮೆಂಟು ಮೆತ್ತಿದ. ಹಿಂದಿರುಗುವಾಗ ಇಮೆಲ್ಡಾ ಅಮಾಡೊನ ಜೊತೆ ಹೆಜ್ಜೆ ಹಾಕಿದಳು.

“ನೀವು ಹಳೇ ಆಟ ಕೂಡಿಡ್ತೀರಂತೆ? ಆ ದೋಣಿ ಆಟ ಇದ್ರೆ ಕೊಡಿ ಸರ್.”

“ಇಲ್ಲ. ನನ್ನ ಹತ್ರ ಇಲ್ಲ.”

“ಅಯ್ಯೋ. ಅದ್ರಲ್ಲಿ ಒಬ್ಬ ಹೆಂಗಸು ಎಷ್ಟು ಚೆನ್ನಾಗಿ ಕೂಗ್ತಿದ್ಲು! ಯಾರೋ ಏನೋ ಪಾಪ.”

ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದ ಫೆಲಿಸಾ ತಿರುಗಿ ನೋಡಲಿಲ್ಲ.

ಸ್ಮಶಾನದಿಂದ ನೆಟ್ಟಗೆ ಮನೆಗೆ ಹೋಗುವಂತಿಲ್ಲ. ನಡುವೆ ಎಲ್ಲಾದರೂ ನಿಂತು ಸತ್ತವನಿಗೆ ಜಾಡು ತಪ್ಪಿಸಬೇಕು. ಎಲ್ಲರೂ ರಸ್ತೆಬದಿಯ ಐಸ್‌ಕ್ರೀಂ ಅಂಗಡಿಗೆ ನುಗ್ಗಿದರು. ಹೊರಗೆ ಜನ ತುಂಬಿದ ಜೀಪ್ನಿ ವ್ಯಾನುಗಳ ಹಾರನ್ನು, ಒಳಗೆ ರೇಡಿಯೋ. ಫೆಲಿಸಾ ಕೌಂಟರಿನ ಮುಂದೆ ನಿಂತು ಏನೋ ಹೇಳಿದಳು.

“ಏನಂದ್ರಿ? ಜೋರಾಗಿ ಹೇಳಿ ಆಂಟಿ!” ಎಂದಳು ಐಸ್‌ಕ್ರೀಂ ಹಾಕುವ ಹುಡುಗಿ.

ಫೆಲಿಸಾ ಮತ್ತೆ ಹೇಳಿದಳು. ಹುಡುಗಿ ಕಿವಿಯ ಹಿಂದೆ ಅಂಗೈ ಇಟ್ಟು ತಲೆಯಾಡಿಸಿದಳು. ತಾನು ಹೇಳಿಕೊಡೋಣವೆಂದು ಅಮಾಡೊ ಮುಂದೆ ಬಂದ. ಆದರೆ ಅವಳಿಗೇನು ಇಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಪಾಸ್ತೊರಾ ಅತ್ತೆಗೂ ಗೊತ್ತಿರಲಿಲ್ಲ.

ಫೆಲಿಸಾ ಬಗ್ಗಿ, ಮಂಜು ಕಟ್ಟಿದ ಕೌಂಟರಿನ ಗಾಜಿನ ಮೇಲೆ ತೋರುಬೆರಳಲ್ಲಿ ಬರೆಯತೊಡಗಿದಳು. ಹುಡುಗಿ ಆ ಬದಿಯಿಂದ ತಲೆ ವಾಲಿಸಿ, ಉಲ್ಟಾ ಕಾಣುತ್ತಿದ್ದ ಅಕ್ಷರಗಳನ್ನು ತುಟಿಯಲ್ಲಿ ಒಂದೊಂದಾಗಿ ಕೂಡಿಸಿಕೊಂಡಳು. ಅವಳು ಕೊನೆಯ ಅಕ್ಷರ ಮುಟ್ಟುವ ಮೊದಲೇ ಮೊದಲಿನವು ನೀರಾಗಿ ಗಾಜಿನ ಕೆಳಕ್ಕೆ ಇಳಿಯುತ್ತಿದ್ದವು.