ಯಾರ ಪೈಕಿ?

ಕೇಳಿದವರಿಗೆ ಊರು, ಮನೆತನ, ಮನೆಯ ಗುರುತು ಹೇಳದಿದ್ದರೆ ಸೊಕ್ಕು ಅನ್ನುತ್ತಾರೆ ಎಂದು ಮೊಮ್ಮಗಳು ವರ್ಷಾಳಿಗೆ ಕಲಿಸಿದ್ದವರು ಭವಾನಿಯಮ್ಮನೇ.

ಅಮೀರ್‌ಪೇಟ್‌ನ ಮನೆಗೆ ಕಂಪ್ಯೂಟರ್ ಬಂದ ವಾರವೇ, ಚಾಟಿನಲ್ಲಿ ಸಿಕ್ಕ ಯಾರೋ ಗೆಳತಿಗೆ ವರ್ಷಾ ತನ್ನ ಶಾಲೆಯ ಹೆಸರು ಹೇಳಿ, ಮನೆ ವಿಳಾಸವನ್ನೂ ಬರೆಯುತ್ತಿದ್ದಳು.

“ಕೇಳ್ಯಾಳಲ್ಲ ಅಜ್ಜಿ, ಹೇಳಬೇಕಲ್ಲ?”

ಭವಾನಿಯಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು. “ತಡಿಯವ್ವಾ. ತಪ್ಪು ನಂದು, ಅರ್ಧಾನ ಕಲಿಸೀನಿ. ಮೊದಲ ಅಕಿ ಯಾರ ಪೈಕಿ ಅಂತ ಕೇಳು. ಅವರಮ್ಮನ ಕೂಡ ನಮ್ಮಜ್ಜಿ ಮಾತಾಡ್ತಾರ ಅನ್ನು.”

ವರ್ಷಾ ಹಾಗೆಯೇ ಬರೆದಳು. ಗೆಳತಿ ಮತ್ತೆ ಉತ್ತರಿಸಲೇ ಇಲ್ಲ.

ಮರುದಿನ ಹುಬ್ಬಳ್ಳಿಯಿಂದ ನಾದಿನಿಯ ಫೋನು ಬಂತು. ವರ್ಷಾ ಎತ್ತಿ, ಆಮೇಲೆ ಅಜ್ಜಿಗೆ ಕೊಟ್ಟಳು.

“ವೈನಿ, ಯಾರವ್ವಾ ನೀನು ಅಂದ್ರ, ‘ಮೊದಲ ನೀವು ಯಾರು ಹೇಳ್ರಿ’ ಅಂತಾಳ! ಭಾಳ ಸೊಕ್ಕು ಬಂದೈತಿ ಹುಡುಗಿಗೆ.”

ಭವಾನಿಯಮ್ಮ ಮೊಮ್ಮಗಳ ನೆತ್ತಿ ಸವರಿದರು. “ಹೌದು, ನಾನ ಕಲಿಸೀನಿ.”